ಅಳುವಿಗೆ ಹತ್ತುವ ದೀಪ

ಹರಿಹರದ ಮಕ್ತುಮ್ ಸಾಬರು ಬದುಕಿನ ಬಹುಪಾಲನ್ನು ಶಬ್ದದ ಜೊತೆಗೇ ಕಳೆದವರು. ಮೊದಲು ರೇಡಿಯೋ, ಆಮೇಲೆ ಟೇಪ್ ರೆಕಾರ್ಡರ್, ಅದರ ನಂತರ ಮದುವೆ ಮನೆಗಳಿಗೆ ಹೋಗುವ ಆಂಪ್ಲಿಫೈಯರ್. ಬಾಯಿ ಮುಚ್ಚಿದ ಪೆಟ್ಟಿಗೆಯೊಂದನ್ನು ಬೆಳಿಗ್ಗೆ ಅವರ ಮುಂದಿಟ್ಟು ಹೋದರೆ ಸಂಜೆಯೊಳಗೆ ಅದು ಮಾತಾಡುತ್ತಿತ್ತು. ಅಂಥವರ ಒಬ್ಬಳೇ ಮಗಳು ಬಿಲ್ಕೀಸಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ.

ಮಗಳು ನಡೆಯಲು ಕಲಿತ ಮೇಲೂ ಅದು ಮನೆಯವರಿಗೆ ತಿಳಿದಿರಲಿಲ್ಲ. ಅಂಗಡಿಯಲ್ಲಿ ಅಪ್ಪನ ಕಾಲ ಬಳಿ ಕೂತು, ಹಾಡುವ ಸ್ಪೀಕರಿನ ಮೇಲೆ ಅಂಗೈಯಿಟ್ಟು ಕಿಲಕಿಲ ನಗುತ್ತಿದ್ದಳು. ಹುಡುಗಿಗೆ ಹಾಡೆಂದರೆ ಪ್ರಾಣ ಎಂದು ಸಾಬರು ಬಂದ ಗಿರಾಕಿಗಳ ಮುಂದೆಲ್ಲ ಹೇಳಿಕೊಂಡಿದ್ದರು. ಹಿಂದಿನಿಂದ ಎಷ್ಟು ಕರೆದರೂ ಮಗು ತಿರುಗದ್ದನ್ನು ಕಂಡ ಗಿರಾಕಿಯೊಬ್ಬ, ‘ಸಾಬ್ರೆ, ಕೂಸಿನ ಕಿವಿ ಒಮ್ಮೆ ತೋರಿಸ್ರಿ’ ಎಂದ ದಿನ ಸಾಬರು ಅಂಗಡಿ ಮುಚ್ಚಿ ಮನೆಗೆ ಬಂದು, ಊಟವನ್ನೂ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿದ್ದರು.

ದಾವಣಗೆರೆಯ ಕಿವುಡ ಮಕ್ಕಳ ಶಾಲೆಯಲ್ಲಿ ಬಿಲ್ಕೀಸ್ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಳು. ಅಲ್ಲಿ ಕಲಿಸಿದ್ದು ಕನ್ನಡದ ತುಟಿಯನ್ನು. ಹಾಗಾಗಿ ತಲೆಮಾರುಗಳಿಂದ ಉರ್ದು ಆಡಿಕೊಂಡು ಬಂದಿದ್ದ ಮನೆ ಅವಳೊಬ್ಬಳಿಗೋಸ್ಕರ ಕನ್ನಡಕ್ಕೆ ತಿರುಗಿತು. ತುಟಿ ಸರಿಯಾಗಿ ಕಾಣಲಿ ಎಂದು ಸಾಬರು ಮೀಸೆ ಬೋಳಿಸಿದರು. ತಾಯಿ ಅಖ್ತರ್ ಬಾನು ಎಲೆಅಡಿಕೆ ಹಾಕಿಕೊಂಡು ಮಾತಾಡುವುದನ್ನು ಬಿಟ್ಟಳು. ಬಾಯಿಗೆ ಬಾರದ್ದನ್ನು ಕೈ ಆಡಿಸಿ ಹೇಳುತ್ತಿದ್ದರು. ಬಿಲ್ಕೀಸ್ ದೊಡ್ಡವಳಾಗಿ, ಅದೇ ಶಾಲೆಯಲ್ಲಿ ಓದಿದ ಹಮ್ಜಾನನ್ನು ಮದುವೆಯಾದಳು. ಅವನಿಗೂ ಕೇಳಿಸುತ್ತಿರಲಿಲ್ಲ. ದಾವಣಗೆರೆಯಲ್ಲಿ ಮರದ ಸಾಮಾನು ಮಾಡುವ ಕಡೆ ಅವನಿಗೆ ಪಾಲಿಶ್ ಕೆಲಸ, ಅವಳಿಗೆ ಮನೆಯಲ್ಲೇ ಬ್ಲೌಸ್ ಹೊಲಿಯುವ ಕೆಲಸ. ಹಳೇಪೇಟೆಯ ಗಲ್ಲಿಯೊಂದರಲ್ಲಿ ಪುಟ್ಟಕ್ಕ ಎಂಬ ವಿಧವೆಯ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆಗಳಲ್ಲಿ ಅವರ ಸಂಸಾರ ನಡೆದಿತ್ತು.

ಈಚೆಗೆ ಸಾಬರ ಅಂಗಡಿಗೆ ರಿಪೇರಿಗೆಂದು ಯಾರೂ ಬರುತ್ತಿರಲಿಲ್ಲ. ಕೆಟ್ಟದ್ದನ್ನು ಎಸೆದು ಹೊಸದು ತರುವ ಕಾಲ. ಅವರು ಅಂಗಡಿ ಮುಚ್ಚಿ, ಮನೆಯ ಹಜಾರದ ಮೂಲೆಗೆ ಮೇಜು ಹಾಕಿಕೊಂಡು ಐಸಿ ಚಿಪ್ಪುಗಳ ಹುಚ್ಚು ಹಚ್ಚಿಕೊಂಡರು. ಉಗುರಿನಷ್ಟು ಕರಿ ತುಂಡು, ಅದರ ಎರಡೂ ಮಗ್ಗುಲಿಗೆ ಇರುವೆ ಕಾಲಿನಂಥ ಬಿಳಿ ಕಾಲುಗಳು. ಅವುಗಳಿಂದ ಓಣಿಯವರಿಗೆ ಏನೇನೋ ಮಾಡಿಕೊಟ್ಟರು. ಟ್ಯಾಂಕು ತುಂಬುತ್ತಲೇ ಮೋಟಾರು ತಾನೇ ನಿಲ್ಲುವ ಬೋರ್ಡು, ಕತ್ತಲಾಗುತ್ತಲೇ ಅಂಗಳದ ಬಲ್ಬು ತಾನೇ ಹತ್ತುವ ಬೋರ್ಡು. ಮೊಬೈಲಿನಲ್ಲಿ ವಿಡಿಯೋ ನೋಡುತ್ತ, ಗೊತ್ತಾಗದ್ದನ್ನು ಹಿಂದಕ್ಕೆಳೆದು ಮತ್ತೆ ನೋಡುತ್ತ, ಸೋಲ್ಡರಿಂಗ್ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ಕೂತಿರುತ್ತಿದ್ದರು.

‘ಮೊದಲು ಒಂದು ಅಲ್ಮೇರ ತುಂಬೋವಷ್ಟು ಸಾಮಾನು ಬೇಕಿತ್ತು. ಈಗ ಎಲ್ಲಾ ಇದರ ಹೊಟ್ಟೆಯೊಳಗೇ ಐತೆ ನೋಡು’ ಎಂದು ಹೆಂಡತಿಗೆ ತೋರಿಸುತ್ತಿದ್ದರು.

‘ಅದರ ಹೊಟ್ಟೆ ಆಮೇಲೆ ನೋಡೋಣ. ನಿಮ್ಮ ಹೊಟ್ಟೆಗೆ ಏನಾರ ಹಾಕ್ಕಳ್ರಿ, ರೊಟ್ಟಿ ಆರ್ತಾವೆ’ ಎನ್ನುತ್ತಿದ್ದಳು ಅಖ್ತರ್ ಬಾನು.

ಬಿಲ್ಕೀಸ್ ಬಸುರಿಯಾದ ಸುದ್ದಿ ಬಂದಾಗ ಮೊದಲು ಹೆದರಿದವಳು ಅಖ್ತರ್ ಬಾನುವೇ. ‘ಇಬ್ರಿಗೂ ಕೇಳ್ಸಂಗಿಲ್ಲ. ಕೂಸು ಅತ್ರೆ ಗೊತ್ತಾಗೋದು ಹೆಂಗ್ರಿ?’ ಎಂದಳು. ತಾನು ಹೋಗಿ ಮಗಳ ಮನೆಯಲ್ಲೇ ಇರುತ್ತೇನೆ ಎಂದೂ ಹೇಳಿದಳು. ಅದಕ್ಕೆ ಬಿಲ್ಕೀಸ್ ಒಪ್ಪಲಿಲ್ಲ. ನನ್ನ ಮಗುವನ್ನು ನಾನೇ ಸಾಕುತ್ತೇನೆ ಎಂದು ಕೈಯಿಂದ ಎದೆ ಮುಟ್ಟಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಹೇಳಿದಳು. ಚಿಕ್ಕಂದಿನಿಂದ ಜನ ಅವಳ ಪರವಾಗಿ ಕೇಳಿಸಿಕೊಂಡು ಬಂದಿದ್ದರು. ಮಗುವಿನ ವಿಷಯದಲ್ಲಿ ಅದು ಅವಳಿಗೆ ಬೇಡವಾಗಿತ್ತು.

ಸಾಬರಿಗೆ ಮಗಳ ಹಟ ಅರ್ಥವಾಯಿತು. ‘ಅವಳಿಗೆ ಕಿವಿ ಕೊಡಾಕೆ ನನ್ನ ಕೈಲಾಗಲಿಲ್ಲ. ಒಂದು ದೀಪ ಆದ್ರೂ ಕೊಡ್ತೀನಿ’ ಎಂದು ಬಸ್ಸು ಹತ್ತಿ ದಾವಣಗೆರೆಗೆ ಹೋಗಿ ಸಾಮಾನು ತಂದರು. ಮೂಗುಬೊಟ್ಟಿಗಿಂತ ತುಸು ದಪ್ಪನೆಯ ಮೈಕು, ಆ ಮೈಕು ಹಿಡಿದ ಸಣ್ಣ ಶಬ್ದವನ್ನು ದೊಡ್ಡದು ಮಾಡುವ ಎಂಟು ಕಾಲಿನ ಐಸಿ, ಒಮ್ಮೆ ಹತ್ತಿದ ದೀಪವನ್ನು ಸ್ವಲ್ಪ ಹೊತ್ತು ಆರದಂತೆ ಹಿಡಿದಿಡುವ ಇನ್ನೊಂದು ಐಸಿ, ಬಲ್ಬಿಗೆ ಕರೆಂಟು ಬಿಡುವ ರಿಲೇ. ಇವೆರಡು ಐಸಿಗಳ ನಡುವೆ ಒಂದು ಪುಟ್ಟ ತಿರುಪು. ಸ್ಕ್ರೂಡ್ರೈವರಿನ ತುದಿಯಿಂದ ಅದನ್ನು ಆ ಕಡೆ ತಿರುಗಿಸಿದರೆ ಪಿಸುಮಾತಿಗೂ ದೀಪ ಹತ್ತುತ್ತಿತ್ತು, ಈ ಕಡೆ ತಿರುಗಿಸಿದರೆ ಜೋರು ದನಿಗೆ ಮಾತ್ರ.

ಪರೀಕ್ಷೆ ಮಾಡಲು ಅವರು ಮೊಬೈಲಿನಲ್ಲಿ ಕೂಸು ಅಳುವ ಶಬ್ದ ಹಾಕುತ್ತಿದ್ದರು. ಓಣಿಯ ಹೆಂಗಸರು ಬಾಗಿಲಲ್ಲಿ ಇಣುಕಿ, ‘ಯಾವಾಗ ಹೆರಿಗಿ ಆತು? ನಮಗೆ ಹೇಳಲೇ ಇಲ್ಲಲ್ಲ’ ಎಂದು ಅಖ್ತರ್ ಬಾನುವನ್ನು ಕೇಳಿಕೊಂಡು ಹೋದರು. ಸಾಬರು ಮೇಜಿನ ಹಿಂದೆ ಕೂತು ನಗುತ್ತಿದ್ದರು. ಅಷ್ಟು ಹಗುರವಾಗಿ ಅವರು ನಕ್ಕಿದ್ದನ್ನು ಹೆಂಡತಿ ಕಂಡು ವರ್ಷಗಳಾಗಿದ್ದವು.

ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಮಾಡಿದ ಹುಡುಗಿ, ‘ಮಗುಗೆ ಚೆನ್ನಾಗಿ ಕೇಳಿಸ್ತಾ ಇದೆ’ ಎಂದಾಗ ಸಾಬರು ಅದನ್ನು ಮಗಳಿಗೆ ಹೇಳಲು ಹೋದರು, ಬಾಯಿ ನಡುಗಿ ತುಟಿ ಕೂಡಲಿಲ್ಲ. ಬಿಲ್ಕೀಸ್ ಅವರ ಗದ್ದ ಹಿಡಿದು ಮತ್ತೆ ಹೇಳಿಸಿಕೊಂಡಳು. ಮಗುವಿಗೆ ಆಲಿಯಾ ಎಂದು ಹೆಸರಿಟ್ಟರು. ಬಾಣಂತನ ಮುಗಿಯುವವರೆಗೆ ತಾಯಿ ಮಗು ಹರಿಹರದಲ್ಲೇ ಇದ್ದರು. ಅಖ್ತರ್ ಬಾನು ಹಗಲಿರುಳು ಕಾದಳು. ಆ ದಿನಗಳಲ್ಲಿ ದೀಪದ ಅಗತ್ಯವೇ ಬೀಳಲಿಲ್ಲ.

ಬಿಲ್ಕೀಸ್ ಗಂಡನ ಮನೆಗೆ ಹೊರಟ ದಿನ ಸಾಬರೂ ಜೊತೆಗೆ ಹೋಗಿ ಬೋರ್ಡನ್ನು ಗೋಡೆಗೆ ಹೊಡೆದು ಬಂದರು. ಹಿಂದಿನ ಕೋಣೆಯಲ್ಲಿ ಸೂರಿನ ಕೊಂಡಿಗೆ ತೂಗುಬಿಟ್ಟ ಮಗುವಿನ ಜೋಳಿಗೆ, ಅದರ ಮೇಲೆ ಮೈಕು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಎದುರಿಗೆ ಒಂದು ಕೆಂಪು ಬಲ್ಬು, ಅಡುಗೆ ಕಟ್ಟೆಯ ಮೇಲೆ ಇನ್ನೊಂದು. ಆಲಿಯಾ ಅತ್ತಳು, ಬಲ್ಬು ಹತ್ತಿತು. ಬಿಲ್ಕೀಸ್ ಪೆಡಲಿನಿಂದ ಕಾಲು ತೆಗೆದು ಓಡಿದಳು. ಮಗುವನ್ನು ಎತ್ತಿಕೊಂಡು ಬಂದು ಬಲ್ಬನ್ನೂ ಮಗುವಿನ ಬಾಯನ್ನೂ ಒಂದಾದ ಮೇಲೊಂದು ನೋಡುತ್ತ ನಿಂತಳು. ಹಮ್ಜಾ ಮಾವನ ಎರಡೂ ಕೈ ಹಿಡಿದು ತನ್ನ ಕಣ್ಣಿಗೊತ್ತಿಕೊಂಡ.

ಪಕ್ಕದ ಮನೆಯ ಪುಟ್ಟಕ್ಕನಿಗೂ ನೆಮ್ಮದಿಯಾಯಿತು. ‘ನಾನು ದಿನಾ ಗ್ವಾಡಿಗೆ ಕಿವಿ ಕೊಟ್ಟು ಕೂಡ್ರಬೇಕೇನೋ ಅಂದ್ಕಂಡಿದ್ದೆ ಸಾಬ್ರೆ. ನೀವು ನನ್ನ ಕೆಲಸ ಉಳಿಸಿದ್ರಿ ಬಿಡ್ರಿ’ ಎಂದು ಚಹಾ ಕೊಟ್ಟು ಕಳಿಸಿದಳು.

ತೊಂದರೆ ಶುರುವಾದದ್ದು ಗಲ್ಲಿಯಿಂದ. ಅದು ಸದ್ದಿಲ್ಲದ ಗಲ್ಲಿಯಲ್ಲ. ಬೆಳಿಗ್ಗೆ ಸೊಪ್ಪಿನವಳು, ಆಮೇಲೆ ಹಳೇ ಕಬ್ಬಿಣ ಕೇಳುತ್ತ ಮೈಕು ಕಟ್ಟಿಕೊಂಡು ಬರುವ ಗಾಡಿ, ಸೈಲೆನ್ಸರ್ ಬಿಚ್ಚಿದ ಬೈಕುಗಳು, ಪಕ್ಕದ ಬೀದಿಯ ಮದುವೆಯ ಬ್ಯಾಂಡು. ಎಲ್ಲಕ್ಕೂ ಬಲ್ಬು ಹತ್ತುತ್ತಿತ್ತು. ಬಿಲ್ಕೀಸ್ ಪ್ರತಿಸಲ ಓಡುತ್ತಿದ್ದಳು. ಮಗು ಮಲಗಿರುತ್ತಿತ್ತು. ತಿರುಗಿ ಬಂದು ಕೂತು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಮತ್ತೆ ಕೆಂಪು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಹೊಲಿಗೆ ವಕ್ರವಾಯಿತು. ಒಂದು ಭಾನುವಾರ ಅಪ್ಪ ಅಮ್ಮ ಬಂದಾಗ, ಇದನ್ನು ಸ್ವಲ್ಪ ಕಡಿಮೆ ಮಾಡಿಕೊಡು ಎಂದು ಬೆರಳಿನಿಂದ ತಿರುಗಿಸುವಂತೆ ಮಾಡಿ ತೋರಿಸಿದಳು.

ಸಾಬರು ಸ್ಟೂಲ್ ಹತ್ತಿ ತಿರುಪನ್ನು ಒಂದಿಷ್ಟು ತಿರುಗಿಸಿದರು. ಹೊರಗೆ ಕಬ್ಬಿಣದ ಗಾಡಿ ಹೋಯಿತು, ಬಲ್ಬು ಹತ್ತಿತು. ಇನ್ನೊಂದಿಷ್ಟು ತಿರುಗಿಸಿದರು. ಬೈಕು ಹೋಯಿತು, ಹತ್ತಲಿಲ್ಲ. ಅಷ್ಟರಲ್ಲಿ ಆಲಿಯಾ ಎದ್ದು ಹೊಟ್ಟೆ ಹಸಿದು ಗಟ್ಟಿಯಾಗಿ ಅತ್ತಳು, ಹತ್ತಿತು. ‘ಈಗ ಸರಿ ಆತು’ ಎಂದು ಕೆಳಗಿಳಿದರು. ಬಿಲ್ಕೀಸ್ ದಣಿದ ಮುಖದಲ್ಲೇ ನಕ್ಕಳು.

ಹಾಗಂತ ಅವರ ಮನಸ್ಸಿಗೆ ಪೂರ್ತಿ ಸಮಾಧಾನವಾಗಿರಲಿಲ್ಲ. ಆ ಐಸಿಗೆ ಶಬ್ದ ದೊಡ್ಡದೋ ಸಣ್ಣದೋ ಎಂಬುದಷ್ಟೇ ಗೊತ್ತು, ಅದು ಅಳುವೋ ಹಾರನ್ನೋ ಗೊತ್ತಿಲ್ಲ ಎಂದು ಬಸ್ಸಿನಲ್ಲಿ ಹೆಂಡತಿಗೆ ಹೇಳಿದರು. ಅಳುವನ್ನೇ ಗುರುತು ಹಿಡಿಯಲು ಕಲಿಸಬಹುದಾದ ಪುಟ್ಟ ಕಂಪ್ಯೂಟರಿನಂಥ ಐಸಿ ಇದೆಯೆಂದು ವಿಡಿಯೋದಲ್ಲಿ ನೋಡಿದ್ದರು. ದಾವಣಗೆರೆಯ ಅಂಗಡಿಯಲ್ಲಿ ಅದು ಸಿಕ್ಕಿರಲಿಲ್ಲ. ಮೊಬೈಲಿನಲ್ಲೇ ಆರ್ಡರ್ ಮಾಡಿದರು. ಬರುವವರೆಗೆ ಇದು ನಡೆಯಲಿ ಎಂದುಕೊಂಡರು.

ಮಳೆಗಾಲ ಮುಗಿಯುವ ಹೊತ್ತಿಗೆ ಆಲಿಯಾಳಿಗೆ ನೆಗಡಿಯಾಯಿತು. ಊರಿನಲ್ಲಿ ಎಲ್ಲ ಮಕ್ಕಳಿಗೂ ಇತ್ತು. ಹಮ್ಜಾ ಮತ್ತು ಬಿಲ್ಕೀಸ್ ಡಾಕ್ಟರಿಗೆ ತೋರಿಸಿ ಸಿರಪ್ ತಂದರು. ಎರಡನೆಯ ದಿನ ಜ್ವರ ಇಳಿದಂತಿತ್ತು. ಮರುದಿನ ಬೆಳಿಗ್ಗೆ ಮಗು ಹಾಲು ಕುಡಿದು ಮಲಗಿತು. ಹಮ್ಜಾ ಕೆಲಸಕ್ಕೆ ಹೋದ. ಮದುವೆಯೊಂದರ ಬ್ಲೌಸುಗಳನ್ನು ಸಂಜೆಯೊಳಗೆ ಕೊಡಬೇಕಿತ್ತು. ಬಿಲ್ಕೀಸ್ ಒಮ್ಮೆ ಎದ್ದು ಹೋಗಿ ಜೋಳಿಗೆಯಲ್ಲಿ ಇಣುಕಿ, ಮಗು ಕಣ್ಣು ಮುಚ್ಚಿರುವುದನ್ನು ನೋಡಿ ಬಂದು ಹೊಲಿಗೆಗೆ ಕೂತಳು. ಎದುರಿಗೆ ಬಲ್ಬು ಆರಿಯೇ ಇತ್ತು. ಕೈಯಲ್ಲಿ ರೇಷ್ಮೆ ಬಟ್ಟೆ, ಜಾರುವಂಥದ್ದು. ಅವಳು ಅದನ್ನು ಹಿಡಿದು ಹಿಡಿದು ಹೊಲಿಯುತ್ತ, ಆಗಾಗ ಕಣ್ಣೆತ್ತಿ ಬಲ್ಬು ನೋಡುತ್ತ, ಈ ದಿನವಾದರೂ ಮಗು ಚೆನ್ನಾಗಿ ನಿದ್ದೆ ಮಾಡುತ್ತಿದೆ ಎಂದು ಸಂತೋಷಪಟ್ಟಳು. ಇದನ್ನು ಅವಳೇ ಆಮೇಲೆ ಸಾಬರಿಗೆ ಕೈ ಆಡಿಸಿ ಹೇಳಿದ್ದು. ಸಂತೋಷಪಟ್ಟೆ ಎಂಬುದನ್ನು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಕೊನೆಗೆ ಅವಳನ್ನು ಹೊಲಿಗೆಯಿಂದ ಎಬ್ಬಿಸಿದ್ದು ದೀಪವಲ್ಲ. ಎದೆ ಬಿಗಿದು ಹಾಲು ಒಸರಿ ರವಿಕೆ ಒದ್ದೆಯಾಯಿತು. ಹಾಲುಣಿಸುವ ಹೊತ್ತು ಮೀರಿದೆ ಎಂದು ಆಗ ಗೊತ್ತಾಗಿ ಒಳಗೆ ಹೋದಳು. ಆಲಿಯಾಳ ತುಟಿ ನೀಲಿಗಟ್ಟಿತ್ತು. ಪಕ್ಕೆ ಒಳಕ್ಕೆ ಹೋಗಿ ಹೋಗಿ ಬರುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಬಿಲ್ಕೀಸ್ ಮಗುವನ್ನು ಎತ್ತಿಕೊಂಡು ಬೀದಿಗೆ ಬಂದು, ತನಗೇ ಕೇಳಿಸದ ತನ್ನ ದನಿಯಿಂದ ಕೂಗಿದಳು. ಪುಟ್ಟಕ್ಕ ಓಡಿ ಬಂದಳು. ಆಟೋ ಹಿಡಿದು ಆಸ್ಪತ್ರೆಗೆ ಹೋದರು.

ಪುಟ್ಟಕ್ಕ ಫೋನು ಮಾಡಿದಾಗ ಸಾಬರು ಯಾರದೋ ಟ್ಯಾಂಕಿನ ಬೋರ್ಡು ಹಿಡಿದು ಕೂತಿದ್ದರು. ಬಿಸಿಯಾಗಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಮೇಜಿನ ಮೇಲೆ ಹಾಗೇ ಬಿಟ್ಟು, ಗಂಡ ಹೆಂಡತಿ ಬಸ್ ಹತ್ತಿದರು. ದಾರಿಯಲ್ಲಿ ಬಾತಿ ಎಂಬ ಊರು ದಾಟುವಾಗ ಅಖ್ತರ್ ಬಾನು ಕಣ್ಣು ಮುಚ್ಚಿ ತುಟಿಯಲ್ಲೇ ದುವಾ ಮಾಡುತ್ತಿದ್ದಳು. ಸಾಬರಿಗೆ ಪ್ರಾರ್ಥನೆಯ ಒಂದು ಅಕ್ಷರವೂ ನೆನಪಾಗಲಿಲ್ಲ.

ಆಸ್ಪತ್ರೆಯಲ್ಲಿ ಮಗುವಿನ ಮೂಗಿಗೆ ನಳಿಕೆ ಹಾಕಿ ಗಾಜಿನಾಚೆ ಮಲಗಿಸಿದ್ದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಒಳಗಿನಿಂದ ಬಂದವಳೇ ಬಿಲ್ಕೀಸ್ ಮತ್ತು ಹಮ್ಜಾನನ್ನು ನೋಡಿ, ‘ನ್ಯುಮೋನಿಯಾ ಜೋರಾಗಿದೆ. ಎಷ್ಟು ಹೊತ್ತಿಂದ ಅಳ್ತಾ ಇತ್ತು ಮಗು?’ ಎಂದು ಕೇಳಿದಳು. ಬಾಯಿಗೆ ಮಾಸ್ಕ್ ಇದ್ದುದರಿಂದ ಅವಳು ಕೇಳಿದ್ದೇನೆಂದು ಇಬ್ಬರಿಗೂ ತಿಳಿಯಲಿಲ್ಲ. ಇಬ್ಬರೂ ಸಾಬರ ಮುಖ ನೋಡಿದರು.

‘ಅವರಿಗೆ ಕೇಳ್ಸಂಗಿಲ್ಲ ಮೇಡಂ’ ಎಂದರು ಸಾಬರು.

ಡಾಕ್ಟರು ಸಾಬರ ಕಡೆಗೆ ತಿರುಗಿದಳು. ಆಮೇಲೆ ದನಿ ತಗ್ಗಿಸಿ, ‘ಸ್ವಲ್ಪ ಮುಂಚೆ ಬಂದಿದ್ರೆ’ ಎಂದು ಶುರು ಮಾಡಿ ಅಷ್ಟಕ್ಕೇ ನಿಲ್ಲಿಸಿ, ‘ನಾವು ಪ್ರಯತ್ನ ಮಾಡ್ತಾ ಇದ್ದೀವಿ’ ಎಂದು ಒಳಗೆ ಹೋದಳು.

ಮರುದಿನ ಬೆಳಗಿನ ನಮಾಜಿನ ಹೊತ್ತು ಕಳೆಯುತ್ತಿದ್ದಂತೆ ಆಲಿಯಾ ಹೋದಳು. ಖಬರಸ್ತಾನಕ್ಕೆ ಹಮ್ಜಾನೇ ಎರಡು ಕೈಯಲ್ಲಿ ಎತ್ತಿಕೊಂಡು ಹೋದ. ಹೆಗಲು ಕೊಡುವಷ್ಟು ಭಾರವೂ ಇರಲಿಲ್ಲ. ಮಣ್ಣು ಹಾಕುವಾಗ ಅವನು ಮಾಡಿದ ಶಬ್ದವನ್ನು ಕೇಳಲಾರದೆ ಬಂದಿದ್ದ ಕೆಲವರು ದೂರ ಸರಿದರು. ಅವನಿಗೆ ಅದು ಗೊತ್ತಿರಲಿಲ್ಲ. ಸಾಬರು ಪಕ್ಕದಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡರು.

ಹರಿಹರಕ್ಕೆ ಮರಳಿದ ಮೇಲೆ ಒಂದು ಮಧ್ಯಾಹ್ನ ಕೊರಿಯರ್ ಹುಡುಗ ಬಂದ. ಬೈಕಿನ ಮೇಲೆ ಕೂತೇ ‘ಓಟಿಪಿ ಹೇಳ್ರಿ ಅಂಕಲ್’ ಎಂದ. ಸಾಬರು ಮೊಬೈಲು ನೋಡಿ ಹೇಳಿದರು. ಕೈಗೆ ಬಂದದ್ದು ಬೆಂಕಿಪೊಟ್ಟಣದಂಥ ಡಬ್ಬಿ. ಅಳುವನ್ನು ಗುರುತು ಹಿಡಿಯಬಲ್ಲ ಐಸಿ. ಡಬ್ಬಿಯನ್ನು ಬಿಚ್ಚದೆ ಮೇಜಿನ ಕೆಳಗಿನ ಪೆಟ್ಟಿಗೆಗೆ ಹಾಕಿದರು. ಮಾರನೆಯ ದಿನದಿಂದ ಆ ಮೇಜಿನ ಮುಂದೆ ಕೂಡುವುದನ್ನೇ ಬಿಟ್ಟರು. ಟ್ಯಾಂಕಿನ ಬೋರ್ಡು ಕೇಳಿಕೊಂಡು ಬಂದವರಿಗೆ ‘ಕೈ ನಡುಗ್ತೈತೆ, ಬ್ಯಾರೆ ಕಡೆ ನೋಡ್ರಿ’ ಎಂದು ಹೇಳಿ ಕಳಿಸಿದರು. ಕೈ ನಡುಗುತ್ತಿರಲಿಲ್ಲ. ಆದರೆ ಕಣ್ಣು ಮುಚ್ಚಿದಾಗಲೆಲ್ಲ ಬೆರಳ ತುದಿಗೆ ಆ ತಿರುಪು ತಿರುಗಿದ್ದು ತಿಳಿಯುತ್ತಿತ್ತು. ಸ್ವಲ್ಪ, ಮತ್ತೆ ಇನ್ನು ಸ್ವಲ್ಪ.

ಒಮ್ಮೆ ಅಖ್ತರ್ ಬಾನುವೇ ಅದರ ಮಾತೆತ್ತಿದಳು. ‘ಡಾಕ್ಟ್ರೇ ಹೇಳ್ಯಾರಲ್ರಿ, ಕಾಯಿಲೆ ಜೋರಿತ್ತು ಅಂತ. ದೀಪಕ್ಕೂ ಇದಕ್ಕೂ ಏನ್ ಸಂಬಂಧ’ ಎಂದಳು.

‘ನಾನೇನೂ ಅಂದಿಲ್ಲಲ್ಲ’ ಎಂದರು ಸಾಬರು.

‘ಅಂದಿಲ್ಲ. ಅನ್ನಂಗಿಲ್ಲ ಅಂತಲೇ ನಂಗೆ ಹೆದರಿಕಿ’ ಎಂದು ಅವಳು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಅವರು ಕೈ ತೊಳೆದುಕೊಂಡು ಎದ್ದರು.

ಆ ವಾರವೇ ಪುಟ್ಟಕ್ಕ ಫೋನು ಮಾಡಿದ್ದು. ‘ಸಾಬ್ರೆ, ಒಮ್ಮೆ ಬಂದು ಆ ದೀಪ ಕಿತ್ಕಂಡು ಹೋಗ್ರಿ. ನನ್ನ ಕೈಲಿ ನೋಡಾಕೆ ಆಗವಲ್ದು’ ಎಂದಳು. ಬೋರ್ಡು ಇನ್ನೂ ಗೋಡೆಯ ಮೇಲೇ ಇತ್ತು. ಗಲ್ಲಿಯಲ್ಲಿ ಗಾಡಿಯ ಮೈಕು ಕೂಗಿದರೆ, ಯಾರದೋ ಪಟಾಕಿ ಸಿಡಿದರೆ ಬಲ್ಬು ಹತ್ತುತ್ತಿತ್ತು. ಬಿಲ್ಕೀಸ್ ಮಾಡುತ್ತಿದ್ದ ಕೆಲಸ ಬಿಟ್ಟು ಹಿಂದಿನ ಕೋಣೆಗೆ ಹೋಗುತ್ತಿದ್ದಳು. ಜೋಳಿಗೆಯನ್ನು ಬಿಚ್ಚಿಯಾಗಿತ್ತು. ಬರೀ ಕೊಂಡಿಯ ಕೆಳಗೆ ಸ್ವಲ್ಪ ಹೊತ್ತು ನಿಂತು ತಿರುಗಿ ಬರುತ್ತಿದ್ದಳು. ಹಮ್ಜಾ ಒಂದು ದಿನ ಬಲ್ಬು ಬಿಚ್ಚಿಟ್ಟ. ಅವನು ಕೆಲಸಕ್ಕೆ ಹೋದ ಮೇಲೆ ಅವಳು ಮತ್ತೆ ಹಾಕಿದಳು. ಎರಡನೆಯ ಸಲ ಬಿಚ್ಚಲು ಅವನಿಗೆ ಧೈರ್ಯ ಬರಲಿಲ್ಲ.

ಸಾಬರು ಒಬ್ಬರೇ ಹೋದರು. ಗಲ್ಲಿಯ ತಿರುವಿನಲ್ಲೇ ಪುಟ್ಟಕ್ಕ ಕಾಯುತ್ತಿದ್ದಳು. ‘ಮದ್ಲು ನಮ್ಮನಿಗೆ ಬರ್ರಿ’ ಎಂದು ಕರೆದುಕೊಂಡು ಹೋಗಿ ಕುರ್ಚಿ ಹಾಕಿದಳು. ‘ಕೂಡ್ರಿ’ ಎಂದವಳು ತಾನು ಮಾತ್ರ ಗೋಡೆ ಹಿಡಿದು ನಿಂತೇ ಇದ್ದಳು. ಅದು ಎರಡು ಮನೆಗಳ ನಡುವಿನ ಗೋಡೆ.

‘ಸಾಬ್ರೆ, ಇದನ್ನ ಯಾರಿಗೂ ಹೇಳಿಲ್ಲ. ಹೇಳದಿದ್ರೆ ನಂಗೆ ಅನ್ನ ಇಳೀತಿಲ್ಲ’ ಎಂದಳು.

‘ಹೇಳವ್ವ.’

‘ಅವತ್ತು ಕೂಸು ಅತ್ತಿತ್ತು.’

ಸಾಬರು ಅವಳನ್ನೇ ನೋಡಿದರು.

‘ನಾನು ಇಲ್ಲೇ ಅಕ್ಕಿ ಆರಿಸ್ತಾ ಕೂತಿದ್ದೆ. ಸಣ್ಣಕೆ ಅಳ್ತಿತ್ತು, ಬೆಕ್ಕಿನ ಮರಿ ಕೂಗಿದಂಗೆ. ಗಟ್ಟಿ ದನೀನೇ ಇರ್ಲಿಲ್ಲ. ಬಾಳ ಹೊತ್ತು ಅಳ್ತು. ಎದ್ದು ಹೋಗಾನ ಅಂತ ಸೆರಗು ಕೊಡವಿದೆ. ಆಮೇಲೆ ದೀಪ ಐತಲ್ಲ, ಅವಳು ನೋಡಿರ್ತಾಳೆ, ಎತ್ಕಂಡ್ರೂ ಅಳ್ತಿರಬೇಕು ಅಂದ್ಕಂಡೆ. ನಾನು ಹೋದ್ರೆ ಅವಳಿಗೆ ಬ್ಯಾಸರ ಆಗ್ತೈತೆ, ನನ್ನ ಮಗು ನಾನೇ ನೋಡ್ಕಂತೀನಿ ಅನ್ನಾಕಿ. ಹಂಗಂತ ಸುಮ್ಕೆ ಕೂತೆ. ಆಮೇಲೆ ಅಳು ನಿಂತೋತು. ಸಮಾಧಾನ ಮಾಡಿದ್ಲು ಅಂದ್ಕಂಡೆ.’

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಗೋಡೆಯಾಚೆಯ ಬಿಲ್ಕೀಸಳಿಗೆ ಕೇಳಿಸುವುದಿಲ್ಲ ಎಂಬುದು ಆ ಕ್ಷಣಕ್ಕೆ ಅವಳಿಗೆ ಮರೆತಿರಬೇಕು.

ಬೆಕ್ಕಿನ ಮರಿಯಂಥ ದನಿ. ಸಾಬರಿಗೆ ಅದೆಷ್ಟು ಸಣ್ಣದು ಎಂದು ಯಾರೂ ಅಳೆದು ಹೇಳಬೇಕಾಗಿರಲಿಲ್ಲ. ಮೊದಲಿದ್ದಂತೆ ತಿರುಪನ್ನು ಬಿಟ್ಟಿದ್ದರೆ ಆ ದನಿಗೆ ದೀಪ ಹತ್ತುತ್ತಿತ್ತು. ಬೈಕಿಗೆ ಹತ್ತದಿರಲಿ ಎಂದು ತಿರುಗಿಸಿದ ಜಾಗದಲ್ಲಿ ಹತ್ತುವುದು ಸಾಧ್ಯವಿರಲಿಲ್ಲ. ಐಸಿ ಕೆಟ್ಟಿರಲಿಲ್ಲ, ತಂತಿ ಕಡಿದಿರಲಿಲ್ಲ. ಅವರು ಹೇಳಿಕೊಟ್ಟಂತೆಯೇ ಅದು ನಡೆದುಕೊಂಡಿತ್ತು.

‘ನಿನ್ನ ತಪ್ಪೇನಿಲ್ಲ ಪುಟ್ಟಕ್ಕ’ ಎಂದರು. ‘ಬಿಲ್ಕೀಸ್‌ಗೆ ಮಾತ್ರ ಇದನ್ನ ಹೇಳಬ್ಯಾಡ.’

‘ಹೆಂಗ್ ಹೇಳ್ಲಿ’ ಎಂದಳು ಪುಟ್ಟಕ್ಕ.

ಬಿಲ್ಕೀಸ್ ಅಪ್ಪನನ್ನು ಕಂಡು ಎದ್ದು ನೀರು ತಂದು ಕೊಟ್ಟಳು. ಸೊರಗಿದ್ದಳು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. ಸಾಬರು ಬೋರ್ಡಿನ ಕಡೆ ಕೈ ತೋರಿಸಿ, ‘ಒಯ್ತೀನವ್ವ’ ಎಂದರು. ಅವಳು ಬೇಡವೆನ್ನಬಹುದು ಎಂದು ಹೆದರಿದ್ದರು. ಅವಳು ತಾನೇ ಸ್ಟೂಲ್ ತಂದಿಟ್ಟಳು. ಅವರು ಹತ್ತಿ, ತಂತಿ ಬಿಡಿಸಿ, ಮೊಳೆ ಕಿತ್ತು, ಎಲ್ಲವನ್ನೂ ಕೈಚೀಲಕ್ಕೆ ಹಾಕಿ ಇಳಿಯುವವರೆಗೂ ಅವಳು ಸ್ಟೂಲಿನ ಕಾಲು ಹಿಡಿದುಕೊಂಡು ನಿಂತಿದ್ದಳು.

ಇಳಿದ ಮೇಲೆ ಅವಳು ಅವರ ತೋಳು ಮುಟ್ಟಿದಳು. ಎರಡೂ ತೋಳು ಮಡಿಸಿ ಮಗುವನ್ನು ತೂಗುವಂತೆ ಮಾಡಿದಳು. ಹೆಬ್ಬೆರಳನ್ನು ಹಿಂದಕ್ಕೆ ಮಾಡಿ, ಆ ದಿನ ಎಂದಳು. ಆಮೇಲೆ ತೋರುಬೆರಳನ್ನು ಕಣ್ಣಿನಿಂದ ಕೆನ್ನೆಯ ಮೇಲೆ ಎಳೆದು ಹುಬ್ಬು ಎತ್ತಿದಳು.

ಅತ್ತಳಾ?

ಅವರು ಅರ್ಥವಾಗದವರಂತೆ ನಿಂತರು. ಅವಳು ಮತ್ತೆ ಅದನ್ನೇ ಕೇಳಿದಳು. ಈ ಸಲ ಬಾಯಿಯನ್ನೂ ಸೇರಿಸಿದಳು. ಹೊರಗಿನವರಿಗೆ ತಿಳಿಯದ, ಅವರಿಗೆ ಮಾತ್ರ ತಿಳಿಯುವ ಆ ಒಡಕು ದನಿಯಲ್ಲಿ ಅಪ್ಪನನ್ನು ಕರೆದು, ‘ಅಬ್ಬಾ, ಆಲಿಯಾ ಅತ್ಲಾ?’ ಎಂದಳು. ಜಗತ್ತಿನಲ್ಲಿ ಇದನ್ನು ಕೇಳಲು ಅವಳಿಗೆ ಬೇರೆ ಯಾರೂ ಇರಲಿಲ್ಲ. ಗಂಡನಿಗೂ ಗೊತ್ತಿರಲಾರದು, ಪುಟ್ಟಕ್ಕ ಅವಳಿಗೆ ಮುಖ ಕೊಡುತ್ತಲೇ ಇರಲಿಲ್ಲ. ಶಬ್ದದ ವಿಷಯವೆಂದರೆ ಚಿಕ್ಕಂದಿನಿಂದಲೂ ಅವಳು ಅಪ್ಪನನ್ನೇ ಕೇಳುತ್ತ ಬಂದಿದ್ದಳು.

‘ಇಲ್ಲವ್ವ’ ಎಂದರು ಸಾಬರು. ‘ಅಳಲಿಲ್ಲ. ಉಸಿರಾಡಾಕೇ ಶಕ್ತಿ ಇರಲಿಲ್ಲ, ಇನ್ನು ಅಳೋದು ಹೆಂಗೆ. ಡಾಕ್ಟ್ರು ಹೇಳಿದ್ರು.’

ಅವಳು ತಲೆ ಅಡ್ಡಡ್ಡ ಆಡಿಸಿ, ಮೆಲ್ಲಗೆ ಹೇಳು ಎಂದು ಸನ್ನೆ ಮಾಡಿದಳು. ಅವರು ಅವಸರದಲ್ಲಿ ಮಾತು ನುಂಗಿದ್ದರು, ತುಟಿ ಸರಿಯಾಗಿ ಆಡಿರಲಿಲ್ಲ. ಅವಳು ಅವರನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡು, ಕಣ್ಣು ಮಿಟುಕಿಸದೆ ಬಾಯನ್ನೇ ನೋಡುತ್ತ ನಿಂತಳು. ಸಾಬರು ಇನ್ನೊಮ್ಮೆ ಹೇಳಬೇಕಾಯಿತು. ಮೊದಲ ಸಲ ಸುಳ್ಳು ತಾನಾಗಿ ಬಾಯಿಂದ ಬಿದ್ದಿತ್ತು. ಎರಡನೆಯ ಸಲ ಒಂದೊಂದು ಅಕ್ಷರವನ್ನೂ ತುಟಿಯ ಮೇಲೆ ಇಟ್ಟು ತೋರಿಸಿದರು.

‘ಅವಳು. ಅಳಲಿಲ್ಲ.’

ಬಿಲ್ಕೀಸ್ ನಿಧಾನಕ್ಕೆ ತಲೆದೂಗಿದಳು. ಅವಳ ಭುಜ ಸ್ವಲ್ಪ ಇಳಿಯಿತು. ಮಗಳ ಎದೆಯ ಭಾರ ಒಂದಿಷ್ಟಾದರೂ ಇಳಿಯಿತೆಂದು ಸಾಬರು ಉಸಿರು ಬಿಟ್ಟರು. ಮಗು ಕರೆದಾಗ ನೀನು ಬಟ್ಟೆ ಹೊಲಿಯುತ್ತ ಕೂತಿರಲಿಲ್ಲ ಎಂಬುದಷ್ಟೇ ಅವರು ಅವಳಿಗೆ ಕೊಡಲು ಹೊರಟಿದ್ದು.

ಆದರೆ ಅವಳ ಕೈಗಳು ಮತ್ತೆ ಎದ್ದವು. ಕೈಯಾಡಿಸಿ ಯಾರನ್ನೋ ಕರೆಯುವಂತೆ ಮಾಡಿದಳು. ಬೆರಳಿನಿಂದ ತನ್ನ ಎದೆ ಮುಟ್ಟಿಕೊಂಡಳು. ಆಮೇಲೆ ಅಂಗೈ ಅಗಲಿಸಿ ಇಲ್ಲ ಎಂದಳು.

ಹಾಗಾದರೆ ಅವಳು ನನ್ನನ್ನು ಕರೆಯಲೇ ಇಲ್ಲ.

ಅವಳ ಮುಖದಲ್ಲಿ ಕಾಣಿಸಿದ್ದನ್ನು ಸಾಬರು ಖಬರಸ್ತಾನದ ದಿನವೂ ನೋಡಿರಲಿಲ್ಲ. ಅಷ್ಟು ದಿನ ಅವಳು ಯಾವುದೋ ಒಂದನ್ನು ಹಿಡಿದುಕೊಂಡಿದ್ದಳು. ಕೇಳಿಸದಿದ್ದರೂ ಮಗು ತನ್ನನ್ನು ಕರೆದೇ ಇತ್ತು, ಕೊನೆಯವರೆಗೂ ಅದಕ್ಕೆ ತಾನು ಬೇಕಾಗಿದ್ದೆ ಎಂಬುದು. ಅದನ್ನು ಅವರೇ ಅವಳ ಕೈಯಿಂದ ಕಿತ್ತುಕೊಂಡಿದ್ದರು.

ನಿಜ ಹೇಳಿಬಿಡಬೇಕು ಎಂದು ಅವರು ಬಾಯಿ ತೆರೆದರು. ಅತ್ತಳವ್ವ, ಬಹಳ ಹೊತ್ತು ಅತ್ತಳು, ನಿನ್ನನ್ನೇ ಕರೆದಳು. ಅದನ್ನು ಹೇಳಿದರೆ ಅದರ ಹಿಂದೆಯೇ ಉಳಿದದ್ದನ್ನೂ, ಆ ತಿರುಪಿನ ವಿಷಯವನ್ನೂ ಹೇಳಬೇಕಿತ್ತು. ಅವರು ತಡವರಿಸುವಷ್ಟರಲ್ಲಿ ಬಿಲ್ಕೀಸ್ ತಿರುಗಿದ್ದಳು. ಅಡುಗೆ ಕಟ್ಟೆಯ ಬಳಿ ಹೋಗಿ, ಅಪ್ಪನಿಗೆ ಚಹಾ ಮಾಡಲು ಒಲೆ ಹಚ್ಚಿ ಪಾತ್ರೆ ಇಟ್ಟಳು. ಬೆನ್ನು ತಿರುಗಿಸಿ ನಿಂತವಳಿಗೆ ಹೇಳುವ ದಾರಿ ಇರಲಿಲ್ಲ. ಹತ್ತಿರ ಹೋಗಿ ಹೆಗಲು ಮುಟ್ಟಿ ಅವಳನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬೇಕಿತ್ತು.

‘ಅತ್ತಳು’ ಎಂದರು ಸಾಬರು ಅವಳ ಬೆನ್ನಿಗೆ. ಸಾಕಷ್ಟು ಗಟ್ಟಿಯಾಗಿಯೇ ಹೇಳಿದರು. ಗೋಡೆಯಾಚೆ ಪುಟ್ಟಕ್ಕನಿಗೂ ಕೇಳಿಸಿರಬೇಕು.

ಬಿಲ್ಕೀಸ್ ಸಕ್ಕರೆಯ ಡಬ್ಬಿ ತೆಗೆದಳು. ಸಾಬರ ಕೈ ಅವಳ ಹೆಗಲಿನವರೆಗೆ ಹೋಗಿ, ಮುಟ್ಟದೆ ಹಿಂದಕ್ಕೆ ಬಂತು. ಅವಳು ಕೊಟ್ಟ ಚಹಾವನ್ನು ಅವರು ನಿಂತುಕೊಂಡೇ ಕುಡಿದು, ಬರುತ್ತೇನೆಂದು ತಲೆಯಾಡಿಸಿ, ಹರಿಹರದ ಬಸ್ಸಿಗೆ ಹೊರಟರು.